ಕೋಣನ ಮುಂದೆ ಕ್ಯಾಮೆರಾ

ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ ಹೋಗಿ ಹಾಲಸ್ವಾಮಿಯ ಮನೆ ಯಾವುದು ಎಂದು ಕೇಳಿದರೆ ನಾಲ್ಕು ಹಾಲಸ್ವಾಮಿಗಳ ಮನೆ ತೋರಿಸುತ್ತಾರೆ. ‘ವಿಡಿಯೋ ಹಾಲಸ್ವಾಮಿ’ ಎಂದು ಕೇಳಿದರೆ ಮಾತ್ರ ಕೈಹಿಡಿದು ಬಾಗಿಲಿಗೇ ತಂದು ಬಿಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವನು ಮದುವೆಗಳ ವಿಡಿಯೋ ಹಿಡಿಯುತ್ತಿದ್ದಾನೆ. ಅವನು ಹಿಡಿದ ಮದುವೆಗಳಲ್ಲಿ ಒಂದೆರಡು ಮುರಿದಿರಬಹುದು, ಅವನು ಕೊಟ್ಟ ಕ್ಯಾಸೆಟ್ಟು ಒಂದೂ ಮುರಿದಿಲ್ಲ.

ಅವನ ಕಸುಬಿಗೆ ಎರಡು ಸೂತ್ರಗಳಿದ್ದವು. ಒಂದು, ತಾಳಿ ಕಟ್ಟುವುದು ತಪ್ಪಿಹೋದರೂ ಚಿಂತೆಯಿಲ್ಲ, ಹುಡುಗನ ದೊಡ್ಡಪ್ಪನ ಮುಖ ತಪ್ಪಬಾರದು. ಇನ್ನೊಂದು, ಚಪ್ಪರಕ್ಕೆ ಬೆಂಕಿ ಬಿದ್ದರೂ ಸರಿ, ಕ್ಯಾಮೆರಾ ಆಫ್ ಮಾಡಬಾರದು. ಈ ಎರಡನ್ನೂ ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಹರಿಹರದ ಒಬ್ಬ ದೊಡ್ಡ ಮನುಷ್ಯರ ಮಾನ ಇವುಗಳ ಕೈಗೆ ಸಿಕ್ಕಿ ಒದ್ದಾಡಲಿದೆ.

ಆ ದೊಡ್ಡ ಮನುಷ್ಯರು ಬೇರೆ ಯಾರೂ ಅಲ್ಲ, ಹಾಲಸ್ವಾಮಿಯ ಹೆಂಡತಿ ಅನ್ನಪೂರ್ಣಮ್ಮನ ಖಾಸಾ ಅಣ್ಣ, ಬೆಲ್ಲದ ಮಂಡಿಯ ಪರಮೇಶ್ವರಪ್ಪನವರು. ಎರಡು ವರ್ಷದ ಹಿಂದೆ ಅವರ ಮಗಳು ಕೃತಿಕಾಳ ಮದುವೆ ನಡೆಯಿತು. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಅರವತ್ತೆರಡು ಹೆಸರು ಅಚ್ಚಾಗಿದ್ದವು. ಪ್ರತಿ ಹೆಸರಿನ ಕೆಳಗೂ ಒಂದು ಹುದ್ದೆ. ವರ್ತಕರು, ಉಪನ್ಯಾಸಕರು, ಮಾಜಿ ಸದಸ್ಯರು, ನಿವೃತ್ತ ಗುಮಾಸ್ತರು. ಏನೂ ಮಾಡದವರಿಗೂ ‘ಸಮಾಜ ಸೇವಕರು’ ಎಂಬ ಹುದ್ದೆ ಸಿಕ್ಕಿತ್ತು. ಹಾಲಸ್ವಾಮಿ ಬೆರಳಿಟ್ಟು ಎರಡು ಸಲ ಹುಡುಕಿದ. ತನ್ನ ಹೆಸರಿಲ್ಲ. ಪತ್ರಿಕೆಯನ್ನು ಹಿಂದೆ ತಿರುಗಿಸಿದ. ತೀರಾ ಕೆಳಗೆ, ಅಡುಗೆಯವರು ಮತ್ತು ಶಾಮಿಯಾನದವರ ನಡುವೆ ಇತ್ತು: ‘ವಿಡಿಯೋ: ಹಾಲಸ್ವಾಮಿ, ದಾವಣಗೆರೆ.’

ಅದನ್ನಾದರೂ ಅವನು ನುಂಗಿಕೊಂಡ. ಮದುವೆಯ ದಿನ ಅಕ್ಷತೆ ಮುಗಿದ ಮೇಲೆ, ಹೆಣ್ಣಿನ ಸ್ವಂತ ಸೋದರತ್ತೆಯ ಗಂಡ ತಾನು ಎಂಬ ಧೈರ್ಯದ ಮೇಲೆ ಮೊದಲನೇ ಪಂಕ್ತಿಯಲ್ಲಿ ಕೂತ. ಎಲೆಗೆ ಉಪ್ಪು ಬಿತ್ತು, ಕೋಸಂಬರಿ ಬಿತ್ತು, ಹೋಳಿಗೆಯ ಬುಟ್ಟಿ ಎರಡು ಎಲೆಯಾಚೆ ಬಂದಿತ್ತು. ಅಷ್ಟರಲ್ಲಿ ಗಂಡಿನ ಕಡೆಯ ಒಬ್ಬ ಹಿರಿಯರು ಬಂದು, “ಏ, ವಿಡಿಯೋದೋರೆ, ಏಳ್ರಿ ಏಳ್ರಿ. ಬೀಗರು ಕೂಡ್ರಬೇಕು. ನಿಮ್ದು ಕೊನೇ ಪಂಕ್ತಿ” ಎಂದರು. ಹಾಲಸ್ವಾಮಿ ಭಾವನ ಮುಖ ನೋಡಿದ. ಪರಮೇಶ್ವರಪ್ಪನವರು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು.

ಮರಳಿ ಬರುವಾಗ ಹೆದ್ದಾರಿ ಪಕ್ಕಕ್ಕೆ ಗಾಡಿ ನಿಲ್ಲಿಸಿ ಹಾಲಸ್ವಾಮಿ ಹೆಲ್ಮೆಟ್ ತೆಗೆದ.

“ಅನ್ನಪೂರ್ಣ, ಕೇಳಿಸ್ಕೊ. ನಿಮ್ಮಣ್ಣನ ಮಗ ಪ್ರಶಾಂತನ ಮದುವೆ ಪತ್ರಿಕ್ಯಾಗೆ ನನ್ನ ಹೆಸರು ಮುಂದ್ಗಡೆ ಬರಬೇಕು. ಕೆಳಗೆ ‘ಚಲನಚಿತ್ರ ನಿರ್ದೇಶಕರು’ ಅಂತ ಇರಬೇಕು. ಮೊದಲ್ನೇ ಪಂಕ್ತ್ಯಾಗೆ ಕೂತು ಹೋಳಿಗೆ ತಿನ್ನಬೇಕು.”

“ಅದಕ್ಕೆ ಪಿಚ್ಚರ್ ತೆಗೀಬೇಕಲ್ರಿ?”

“ತೆಗೀತೀನಿ.”

“ಎಂಥ ಪಿಚ್ಚರ್?”

“ಹೆದರಿಕೆ ಪಿಚ್ಚರ್. ಅದಕ್ಕೆ ಹೀರೋ ಬ್ಯಾಡ, ಹಾಡು ಬ್ಯಾಡ, ಊಟಿ ಬ್ಯಾಡ. ಒಂದು ಡೇಂಜರ್ ಪ್ರಾಣಿ ತಪ್ಪಿಸ್ಕೊಂಡು ಬರಬೇಕು, ಜನ ಓಡಬೇಕು. ಮುಗೀತು.”

“ಹೆದರ್ಲಿಲ್ಲಾಂದ್ರೆ?”

“ಯಾಕ ಹೆದರಲ್ಲ? ಹೆದರಬೇಕು. ಹೆದರಿಸ್ಲಿಲ್ಲ ಅಂದ್ರೆ ನಾನು ಡೈರೆಕ್ಟರೇ ಅಲ್ಲ” ಎಂದು ಹಾಲಸ್ವಾಮಿ ಲಾರಿಗಳ ಸಾಕ್ಷಿಯಾಗಿ ಆಣೆ ಮಾಡಿದ.

ಚಿತ್ರದ ಹೆಸರು ‘ಕೊಂಡಜ್ಜಿ ಕಂಟಕ’. ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಒಂದು ಭಯಂಕರ ಪ್ರಾಣಿ ಊರವರನ್ನು ಒಬ್ಬೊಬ್ಬರಾಗಿ ಮುಗಿಸುವ ಕಥೆ. ಪ್ರಾಣಿ ಯಾವುದು ಎಂಬಲ್ಲಿ ಎರಡು ತಿಂಗಳು ಹೋಯಿತು. ಚಿರತೆ ಬೇಕೆಂದರೆ ಅರಣ್ಯದವರು ನಿರ್ದೇಶಕನನ್ನೇ ಬೋನಿಗೆ ಹಾಕುತ್ತಾರೆ. ಕರಡಿ ವೇಷಕ್ಕೆ ಪಕ್ಕದ ಮನೆಯ ಟೇಲರ್ ಖೈರುನ್ನೀಸಾ ಒಂದು ಕರಿ ಕಂಬಳಿ ಹೊಲಿದು ಕೊಟ್ಟರು. ಅದನ್ನು ಹಾಕಿಕೊಂಡು ಬೀದಿಗೆ ಇಳಿದ ಹಾಲಸ್ವಾಮಿಯನ್ನು ನೋಡಿ ಎದುರು ಮನೆಯವರು, “ಯಾಕ್ರಿ, ಜ್ವರ ಏನ್ರಿ?” ಎಂದು ಕೇಳಿದರು.

ಕೊನೆಗೆ ಕುಕ್ಕುವಾಡದ ರಸ್ತೆಯಲ್ಲಿ ಅವನಿಗೆ ಕೋಣ ಕಂಡಿತು. ಕೋಣವೆಂದರೆ ಅಂತಿಂಥ ಕೋಣವಲ್ಲ. ಎತ್ತಿನಗಾಡಿಯಷ್ಟು ಅಗಲ, ಇಜ್ಜಲಿನಷ್ಟು ಕಪ್ಪು, ಎರಡು ಕಡೆಗೂ ಚಾಚಿದ ಕೊಂಬು. ಬಸ್ಸು ನಿಂತಿತ್ತು, ಟ್ರ್ಯಾಕ್ಟರು ನಿಂತಿತ್ತು, ಕೋಣ ಮಾತ್ರ ರಸ್ತೆಯ ನಡುವೆ ನಿಧಾನವಾಗಿ ಯೋಚನೆ ಮಾಡುತ್ತಿತ್ತು. ಅದು ಊರಮ್ಮನ ಹೆಸರಿನಲ್ಲಿ ಬಿಟ್ಟ ದೇವರ ಕೋಣ. ಅದಕ್ಕೆ ಹಗ್ಗವಿಲ್ಲ, ಮೂಗುದಾರವಿಲ್ಲ, ಯಾರ ಹೊಲಕ್ಕೆ ಇಳಿದರೂ ಹೊಡೆಯುವಂತಿಲ್ಲ. ಅದರ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಡ್ಡಾಡುವ ಗುತ್ತೆಪ್ಪ ಮಾಲೀಕನಲ್ಲ, ಭಕ್ತ.

ಹಾಲಸ್ವಾಮಿ ಅಲ್ಲೇ ಲೆಕ್ಕ ಹಾಕಿದ. ದೇವರ ಕೋಣಕ್ಕೆ ಬಾಡಿಗೆ ಕೇಳುವವರು ಯಾರು? ಯಾರೂ ಇಲ್ಲ. ತನ್ನ ಬುದ್ಧಿಗೆ ತಾನೇ ಬೆನ್ನು ಚಪ್ಪರಿಸಿಕೊಂಡ. ಆ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಿತ್ತು. ಅದು ಅವನಿಗೆ ತಿಳಿಯಲು ಇನ್ನೂ ಹದಿನೈದು ದಿನ ಬೇಕಾಯಿತು.

ಮೊದಲು ಪ್ರಾಣಿಗೆ ಹಿಂಸೆಯಾಗುವುದಿಲ್ಲ ಎಂಬ ಸರ್ಟಿಫಿಕೇಟ್ ಬೇಕಿತ್ತು. ಹರೀಶ ಎಂಬ ಯುವ ಪಶು ವೈದ್ಯರು ಫಾರಂ ಹಿಡಿದು ಕುಕ್ಕುವಾಡಕ್ಕೆ ಬಂದರು. ಬಂದವರು ಮೊದಲು ಬೂಟು ಬಿಚ್ಚಿ ಕೋಣಕ್ಕೆ ಕೈಮುಗಿದು, ಆಮೇಲೆ ಸರ್ಕಾರಿ ದನಿ ತೆಗೆದರು.

“ಮಾಲೀಕರ ಹೆಸರು?”

“ಊರಮ್ಮ” ಎಂದ ಗುತ್ತೆಪ್ಪ.

“ತಂದೆ ಹೆಸರು?”

“ಸಾರ್, ಅಮ್ಮಗೆ ತಂದೆ ಯಾರಿದಾರೆ? ಅಕಿನೇ ಎಲ್ರಿಗೂ ತಾಯಿ.”

“ಫಾರಂ ಖಾಲಿ ಬಿಡಂಗಿಲ್ಲ ಕಣಪ್ಪ. ಮಾಲೀಕರ ಸಹಿ ಎಲ್ಲಿ ಹಾಕಿಸ್ಲಿ?”

ಗುತ್ತೆಪ್ಪ ಫಾರಂ ತೆಗೆದುಕೊಂಡು ಗುಡಿಯೊಳಗೆ ಹೋಗಿ, ಅಮ್ಮನ ಪಾದದ ಹತ್ತಿರ ಇಟ್ಟು ತಂದ. ಸಹಿಯ ಜಾಗದಲ್ಲಿ ಕುಂಕುಮದ ದೊಡ್ಡ ಬೊಟ್ಟು ಬಿದ್ದಿತ್ತು. ವೈದ್ಯರು ಅದನ್ನು ಕಣ್ಣಿಗೊತ್ತಿಕೊಂಡು ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಮೊಹರು ಒತ್ತಿದರು.

ಚಿತ್ರೀಕರಣದ ಮೊದಲ ದಿನ ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಅರವತ್ತು ಜನ ಸೇರಿದ್ದರು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟಾಗಿತ್ತು. ಕುಕ್ಕುವಾಡದಿಂದ ಗುತ್ತೆಪ್ಪ ಲಾರಿಯಲ್ಲಿ ಕರೆತಂದಿದ್ದ ಕೋಣಕ್ಕೆ ಒಂದು ಚೀಲ ಮಂಡಕ್ಕಿ ಬೇರೆಯೇ ಕೊಟ್ಟಾಗಿತ್ತು. ಹಾಲಸ್ವಾಮಿ ಹೊಸ ಟೋಪಿ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತ.

“ಎಲ್ರೂ ಕೇಳ್ರಿ! ನಾನು ಆಕ್ಷನ್ ಅಂದ ಕೂಡ್ಲೆ ಕೋಣ ಬರುತ್ತೆ. ನೀವು ಜೀವ ಕೈಯಾಗೆ ಹಿಡ್ಕೊಂಡು ಓಡಬೇಕು. ರೆಡಿ? ಆಕ್ಷನ್!”

ಕೋಣ ಬಂತು. ಅರವತ್ತು ಜನವೂ ಚಪ್ಪಲಿ ಬಿಟ್ಟರು. ಗಂಡಸರು ಟವೆಲ್ಲನ್ನು ಸೊಂಟಕ್ಕೆ ಸುತ್ತಿದರು, ಹೆಂಗಸರು ಸೆರಗು ಹೊದ್ದರು, ಮತ್ತು ಎಲ್ಲರೂ ಸಾಲಾಗಿ ನಿಂತರು. ಎಂಬತ್ತು ವರ್ಷದ ಕೆಂಚವ್ವ ಎಲ್ಲಿಂದಲೋ ಒಂದು ಚೊಂಬು ನೀರು ತಂದು ಕೋಣದ ಕಾಲಿಗೆ ಹಾಕಿ, ಹಣೆಗೆ ಭಂಡಾರ ಹಚ್ಚಿದಳು.

“ಕಟ್! ಅಜ್ಜಿ, ಹೆದರ್ಕೊಳ್ರಿ! ಓಡ್ರಿ!” ಎಂದು ಹಾಲಸ್ವಾಮಿ ಕೂಗಿದ.

“ಯಾಕ ಓಡ್ಲಿ?” ಕೆಂಚವ್ವ ಸೊಂಟದ ಮೇಲೆ ಕೈಯಿಟ್ಟಳು. “ಅಮ್ಮನ ಕೋಣ ಕಂಡು ಓಡೋನು ಏನೋ ಪಾಪ ಮಾಡಿದಾನೆ ಅಂತ ಅರ್ಥ. ನಾನೇನು ಮಾಡೀನಿ? ನೀನೇ ಹೇಳು, ನಾನೇನು ಮಾಡೀನಿ?”

ಅವಳು ಹೀಗೆ ಕೇಳಿದ ಮೇಲೆ ಉಳಿದ ಐವತ್ತೊಂಬತ್ತು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನಷ್ಟು ಗಟ್ಟಿಯಾಗಿ ನಿಂತರು. ಮೊದಲು ಓಡಿ ಪಾಪಿ ಎನಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಹಾಲಸ್ವಾಮಿಯ ಲೆಕ್ಕದ ಸಣ್ಣ ತಪ್ಪು ಇದೇ. ಬಾಡಿಗೆಯಿಲ್ಲದ ಪ್ರಾಣಿ ಸಿಕ್ಕಿತ್ತು, ಅದಕ್ಕೆ ಹೆದರುವ ಮನುಷ್ಯ ಇಡೀ ತಾಲೂಕಿನಲ್ಲಿ ಇರಲಿಲ್ಲ.

ಖೈರುನ್ನೀಸಾ ಮುಂದೆ ಬಂದರು. “ಬಿಡ್ರಿ ಅಣ್ಣಾ, ನಾನು ಓಡ್ತೀನಿ. ನೆರೆಹೊರೆ ಅಂದ್ಮೇಲೆ ಅಷ್ಟೂ ಮಾಡ್ಲಿಲ್ಲಾಂದ್ರೆ ಹೆಂಗೆ?” ಎಂದು ಕಿರುಚಿಕೊಂಡು ಓಡಿದರು. ಅದ್ಭುತವಾಗಿ ಓಡಿದರು. ಕೋಣ ಮಾತ್ರ ನಿಂತಲ್ಲೇ ಮಂಡಕ್ಕಿ ಮೆಲುಕು ಹಾಕುತ್ತಿತ್ತು. ನೂರು ಗಜ ಓಡಿ ಹಿಂತಿರುಗಿ ನೋಡಿದ ಖೈರುನ್ನೀಸಾ ಸುಸ್ತಾಗಿ ವಾಪಸ್ ಬಂದು, “ಅಣ್ಣಾ, ಜಾನ್ವಾರ್ ಬಾಳ ಶರೀಫ್ ಐತೆ, ಸಾಧು ಪ್ರಾಣಿ” ಎಂದು ತೀರ್ಪು ಕೊಟ್ಟರು.

ಎರಡನೇ ದಿನ ಕೊಂಬಿಗೆ ರಕ್ತದ ಬಣ್ಣ ಬಳಿದರು. ಕುಂಕುಮ ಹಚ್ಚಿದ್ದಾರೆಂದುಕೊಂಡು ಜನ ತೆಂಗಿನಕಾಯಿ ತಂದರು. ಇನ್ನೊಂದು ಸಂಕಟವೂ ಇತ್ತು. ಹಾಲಸ್ವಾಮಿ ಕ್ಯಾಮೆರಾ ತಿರುಗಿಸಿದ ಕಡೆಯೆಲ್ಲ ಜನ ಅಭ್ಯಾಸಬಲದಿಂದ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಮದುವೆ ಊಟದಲ್ಲಿ ಕೂತಂತೆ ಗಂಭೀರವಾಗುತ್ತಿದ್ದರು. ಕೋಣ ತಿವಿದು ಸತ್ತುಬಿದ್ದ ಮನುಷ್ಯ ಕೂಡ ಕ್ಯಾಮೆರಾ ಹತ್ತಿರ ಬಂದಾಗ ಕಣ್ಣುಬಿಟ್ಟು ಮುಗುಳ್ನಕ್ಕ.

ಮೂರನೇ ದಿನ ಪರಮೇಶ್ವರಪ್ಪನವರು ಬಂದರು. ಬಿಳಿ ಕಾರು, ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಕೋಣಕ್ಕೆ ಅರ್ಪಿಸಲು ಏಲಕ್ಕಿ ಬಾಳೆಯ ಒಂದು ದೊಡ್ಡ ಚಿಪ್ಪು. ಸ್ಟೂಲಿನ ಮೇಲಿದ್ದ ಹಾಲಸ್ವಾಮಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಹಾಲಸ್ವಾಮೇರೆ, ಕೋಣನ ಮುಂದೆ ಕಿನ್ನರಿ ಬಾರಿಸೋರ ಬಗ್ಗೆ ಕೇಳಿದ್ದೆ. ಕ್ಯಾಮೆರಾ ಇಡೋರನ್ನ ಇವತ್ತು ನೋಡಿದೆ. ಇದಕ್ಕೆ ಯಾರು ಹೆದರ್ತಾರ್ರಿ? ಚಿಕ್ಕ ಹುಡುಗ್ರೂ ಹೆದರಲ್ಲ. ಸುಮ್ನೆ ಮದುವೆ ಹಿಡ್ಕೊಂಡು ಇರ್ರಿ.”

ಅರವತ್ತು ಜನ ನಕ್ಕರು. ಅಷ್ಟರಲ್ಲಿ ಬಾಳೆಹಣ್ಣಿನ ವಾಸನೆ ಕೋಣಕ್ಕೆ ತಲುಪಿತು. ಮೂರು ದಿನದಿಂದ ಬರೀ ಮಂಡಕ್ಕಿ ತಿಂದು ಬೇಸತ್ತಿದ್ದ ಕೋಣ ತಲೆಯೆತ್ತಿತು. ಒಂದು ಹೆಜ್ಜೆ ಇಟ್ಟಿತು. ಪರಮೇಶ್ವರಪ್ಪನವರು ಒಂದು ಹೆಜ್ಜೆ ಹಿಂದಿಟ್ಟರು. ಕೋಣ ಎರಡು ಹೆಜ್ಜೆ ಇಟ್ಟಿತು. ಆಮೇಲೆ ಹೆಜ್ಜೆಗಳ ಲೆಕ್ಕ ಯಾರೂ ಇಡಲಿಲ್ಲ.

ಪರಮೇಶ್ವರಪ್ಪನವರು ಓಡಿದ ಓಟವನ್ನು ಕೊಂಡಜ್ಜಿಯವರು ಇವತ್ತಿಗೂ ಬಾಯಿತುಂಬ ಹೇಳುತ್ತಾರೆ. ಪಂಚೆ ಮೊಣಕಾಲಿನ ಮೇಲಿತ್ತು, ಒಂದು ಚಪ್ಪಲಿ ಕೆರೆಯಲ್ಲಿತ್ತು, ಬಾಯಿಯಿಂದ “ಅಯ್ಯಯ್ಯೋ, ತಪ್ಪಾತು ತಾಯಿ, ತಪ್ಪಾತು!” ಎಂಬ ಕೂಗು ಬರುತ್ತಿತ್ತು. ಬಾಳೆಹಣ್ಣು ಎಸೆದಿದ್ದರೆ ಕೋಣ ಅಲ್ಲೇ ನಿಲ್ಲುತ್ತಿತ್ತು. ಆದರೆ ವರ್ತಕರು ಕೈಗೆ ಬಂದದ್ದನ್ನು ಬಿಡುವುದುಂಟೇ? ಚಿಪ್ಪನ್ನು ಎದೆಗೆ ಅವಚಿಕೊಂಡೇ ಕೆರೆಯ ದಂಡೆ ದಾಟಿ, ಸ್ಕೌಟ್ ಮೈದಾನ ದಾಟಿ, ಅಲ್ಲಿಯ ಧ್ವಜಕಟ್ಟೆ ಹತ್ತಿ ಕಂಬ ತಬ್ಬಿಕೊಂಡರು. ಗುತ್ತೆಪ್ಪ ಹೋಗಿ ಒಂದೊಂದೇ ಹಣ್ಣು ಬಿಡಿಸಿ ಕೋಣಕ್ಕೆ ತಿನ್ನಿಸಿದ ಮೇಲೆ ಕೆಳಗೆ ಇಳಿದರು.

ಕೆಂಚವ್ವ ಗಲ್ಲದ ಮೇಲೆ ಬೆರಳಿಟ್ಟಳು. “ಅಯ್ಯಪ್ಪಾ, ಓಡಿಬಿಟ್ರಲ್ಲಾ! ತಪ್ಪಾತು ಅಂತ ಅವ್ರೇ ಒಪ್ಕೊಂಡ್ರಲ್ಲಾ!”

“ಹತ್ತು ವರ್ಷದಾಗೆ ಇದು ಯಾರ ಹಿಂದೂ ಹೋಗಿರ್ಲಿಲ್ಲ” ಎಂದ ಗುತ್ತೆಪ್ಪ.

ಹಾಲಸ್ವಾಮಿ ತನ್ನ ಎರಡನೇ ಸೂತ್ರದ ಪ್ರಕಾರ ಕ್ಯಾಮೆರಾ ಆಫ್ ಮಾಡಿರಲಿಲ್ಲ.

ಸುದ್ದಿ ಹರಿಹರಕ್ಕೆ ಪರಮೇಶ್ವರಪ್ಪನವರ ಕಾರಿಗಿಂತ ಮೊದಲೇ ತಲುಪಿತ್ತು. ಬೆಲ್ಲದ ಮಂಡಿಗೆ ಬಂದ ಗಿರಾಕಿಗಳು ತಕ್ಕಡಿಯನ್ನೊಮ್ಮೆ, ಅವರನ್ನೊಮ್ಮೆ ನೋಡತೊಡಗಿದರು. ಒಬ್ಬ ಮುದುಕ, “ಸಾವ್ಕಾರ್ರೆ, ಏನೂ ಅನ್ಕಬ್ಯಾಡ್ರಿ, ಇನ್ನೊಂದ್ಸಲ ತೂಗ್ರಿ” ಎಂದುಬಿಟ್ಟ. ಪಾಪ, ಪರಮೇಶ್ವರಪ್ಪನವರ ತಕ್ಕಡಿ ಚೊಕ್ಕವಾಗಿಯೇ ಇತ್ತು. ಅವರಿಗೆ ಚಿಕ್ಕಂದಿನಿಂದ ಕೊಂಬಿನ ಪ್ರಾಣಿ ಎಂದರೆ ಹೆದರಿಕೆ, ಅಷ್ಟೆ. ಆದರೆ ಪಾಪಿ ಎನ್ನಿಸಿಕೊಳ್ಳುವುದು ಮೇಲೋ ಪುಕ್ಕಲ ಎನ್ನಿಸಿಕೊಳ್ಳುವುದು ಮೇಲೋ ಎಂದು ತಿಳಿಯದೆ ಅವರು ನಾಲ್ಕು ದಿನ ಮಂಡಿಗೇ ಬರಲಿಲ್ಲ.

ಐದನೇ ದಿನ ಮಧ್ಯಾಹ್ನ ಅವರು ತಂಗಿಯ ಮನೆಗೆ ಬಂದರು. ತಂಗಿಯ ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಹಾಲಸ್ವಾಮಿಯ ಎದುರಿಗೆ ನೆಲದ ಮೇಲೆ ಕೂತರು.

“ಹಾಲಸ್ವಾಮೇರೆ, ನಾನು ಓಡಿದ ಸೀನ್ ತೆಗ್ದು ಹಾಕ್ರಿ.”

“ಭಾವಾರೆ, ಕಂಡೋರು ಹೆಂಗೂ ಕಂಡಿದಾರೆ.”

“ಕಂಡೋರು ಅರವತ್ತು ಜನ, ಅದು ನಾಕು ದಿನದ ಮಾತು. ಪಿಚ್ಚರ್‌ನಾಗೆ ಬಂದ್ರೆ ಮೊಮ್ಮಕ್ಕಳ ಕಾಲಕ್ಕೂ ನಾನು ಓಡ್ತಾನೇ ಇರ್ತೀನಲ್ರಿ! ಪ್ರಶಾಂತನಿಗೆ ದಾವಣಗೆರೆ ಉಜ್ಜನಪ್ಪನೋರ ಮನೆ ಹೆಣ್ಣು ಗೊತ್ತಾಗೋದರಾಗೆ ಐತೆ. ಅವ್ರು ನೋಡಿದ್ರೆ?” ಅವರು ದನಿ ತಗ್ಗಿಸಿದರು. “ತೆಗೀರಿ. ಪ್ರಶಾಂತನ ಪತ್ರಿಕ್ಯಾಗೆ ನಿಮ್ಮ ಹೆಸರು ಮುಂದ್ಗಡೆ ಹಾಕಿಸ್ತೀನಿ. ಚಲನಚಿತ್ರ ನಿರ್ದೇಶಕರು ಅಂತ. ದಪ್ಪ ಅಕ್ಷರದಾಗೆ.”

ಹಾಲಸ್ವಾಮಿ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದನೋ ಅದು ತಾನಾಗಿ ಬಂದು ಚಾಪೆಯ ಮೇಲೆ ಕೂತಿತ್ತು. ಭಾವ ಹೋದ ಮೇಲೆ ಅವನು ಕಂಪ್ಯೂಟರ್ ಮುಂದೆ ಕೂತು ಆ ಓಟವನ್ನು ಕತ್ತರಿಸಿದ. ಹೆಂಡತಿಯನ್ನೂ ಖೈರುನ್ನೀಸಾರನ್ನೂ ಕರೆದು ಉಳಿದ ಚಿತ್ರ ತೋರಿಸಿದ. ಕೋಣ ಬರುತ್ತಿತ್ತು, ಜನ ಕೈಮುಗಿಯುತ್ತಿದ್ದರು. ಪ್ರತಿ ಸಾವಿನ ನಂತರ ಪರದೆಯ ಮೇಲೆ ಗುಲಾಬಿ ಎಸಳು ಉದುರುತ್ತಿದ್ದವು, ಏಕೆಂದರೆ ಅವನ ಸಾಫ್ಟ್‌ವೇರಿನಲ್ಲಿ ಇದ್ದ ಎಫೆಕ್ಟು ಅದೊಂದೇ. ಖೈರುನ್ನೀಸಾ ಅರ್ಧದಲ್ಲೇ ಅವರೆಕಾಳು ಬಿಡಿಸಲು ಶುರುಮಾಡಿದರು.

ಅನ್ನಪೂರ್ಣಮ್ಮ ಹೇಳಿದಳು: “ಅಣ್ಣನ ಸೀನ್ ತೆಗೆದ್ರೆ ಪತ್ರಿಕ್ಯಾಗೆ ಡೈರೆಕ್ಟರ್ ಅಂತ ಬರುತ್ತೆ. ಆದ್ರೆ ನೀವು ಆಗಿರಲ್ಲ ನೋಡ್ರಿ.”

“ನಿನ್ನ ಅಣ್ಣ ಕಣೆ!”

“ಅಣ್ಣನೇ. ಅವತ್ತು ನಿಮ್ಮನ್ನ ಪಂಕ್ತಿಯಿಂದ ಎಬ್ಬಿಸಿದಾಗ ಫ್ಯಾನ್ ನೋಡ್ದೋನೂ ಅವ್ನೇ. ಇಪ್ಪತ್ತೆರಡು ವರ್ಷ ಊರಿನೋರಿಗೆ ಬೇಕಾದ್ದು ಇಟ್ಟು ಬ್ಯಾಡಾದ್ದು ತೆಗ್ದೀರಿ. ಇದೊಂದು ನಿಮ್ಮದು. ಹಾಕ್ರಿ ವಾಪಸ್.”

ಹಾಲಸ್ವಾಮಿಗೆ ಹೆಂಡತಿಯ ಮೇಲೆ ಅಂದು ಹುಟ್ಟಿದ ಹೆಮ್ಮೆಯನ್ನು ಬರೆಯಲು ಈ ಕಥೆಯಲ್ಲಿ ಜಾಗ ಸಾಲದು. ಅವನು ಓಟವನ್ನು ವಾಪಸ್ ಹಾಕಿದ. ಹಾಕುವಾಗ ಕಸುಬಿನ ರೂಢಿಯಂತೆ ಭಾವನ ಮುಖದ ಕೆಳಗೆ ಹೂವಿನ ಅಂಚಿನ ಪಟ್ಟಿ ಕೊಟ್ಟು, ‘ಶ್ರೀ ಪರಮೇಶ್ವರಪ್ಪನವರು, ಬೆಲ್ಲದ ವರ್ತಕರು, ಹರಿಹರ’ ಎಂದೂ ಬರೆದ. ಹಿರಿಯರ ಹೆಸರು ಹಾಕದೆ ಬಿಡುವುದು ಅವನ ಜಾಯಮಾನವಲ್ಲ.

ದಾವಣಗೆರೆಯ ಒಂದು ಹಳೆಯ ಟಾಕೀಸಿನಲ್ಲಿ ಬೆಳಗಿನ ಆಟ ಗೊತ್ತಾಯಿತು. ಬಡಾವಣೆಯ ಮೂಲೆಯಲ್ಲಿ ಹತ್ತಡಿ ಫ್ಲೆಕ್ಸ್ ಎದ್ದಿತು: ‘ನಮ್ಮ ಬಡಾವಣೆಯ ಹೆಮ್ಮೆ, ಹಾಲಸ್ವಾಮಿ.’ ಹೆಸರಿಗೆ ಮೊದಲು ವಿಡಿಯೋ ಎಂಬ ಪದ ಇರಲಿಲ್ಲ. ಉಳಿದ ಮೂವರು ಹಾಲಸ್ವಾಮಿಗಳು ಇದು ತಮ್ಮ ಬಗ್ಗೆಯೇ ಎಂದು ಒಂದು ದಿನ ಪೂರ್ತಿ ಬೀಗಿಕೊಂಡು ತಿರುಗಾಡಿದರು.

ಟಾಕೀಸು ತುಂಬಿತ್ತು. ಮುಂದೆ ಕೊಂಡಜ್ಜಿ, ಕುಕ್ಕುವಾಡದವರು, ನಡುವೆ ಬಡಾವಣೆಯವರು, ಹಿಂದಿನ ಸಾಲಿನಲ್ಲಿ ಪರಮೇಶ್ವರಪ್ಪನವರು. ಸೀನ್ ತೆಗೆದುಹಾಕಿದ್ದಾರೆಂಬ ನಂಬಿಕೆಯಲ್ಲಿ ಅವರು ಬೀಗರಾಗಲಿರುವ ಉಜ್ಜನಪ್ಪನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಕೋಣ 'ಎಂಟ್ರಿ' ಕೊಟ್ಟ ಕೂಡಲೇ ಇಡೀ ಟಾಕೀಸು ಚಪ್ಪಲಿ ಬಿಟ್ಟು ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ತೆಂಗಿನಕಾಯಿ ಒಡೆದರು. ಕೆಂಚವ್ವ ಕರ್ಪೂರ ಹಚ್ಚಲು ಹೋದಾಗ ಮ್ಯಾನೇಜರ್ ಓಡಿಬಂದು, “ಅಜ್ಜಿ, ಪರದೆ ಸುಡುತ್ತೆ, ಬ್ಯಾಡ!” ಎಂದು ಕಾಲು ಹಿಡಿದುಕೊಂಡ. ಬಾಗಿಲ ಬಳಿ ನಿಂತಿದ್ದ ಹಾಲಸ್ವಾಮಿ ಗಳಿಗೆಗೊಮ್ಮೆ ಗಡಿಯಾರ ನೋಡಿದ. ಒಂದೂಕಾಲು ಗಂಟೆಯಾದರೂ ಒಬ್ಬನೂ ಹೆದರಲಿಲ್ಲ. ಹೆದರುವುದಿರಲಿ, ಭಜನೆಯೊಂದು ಬಾಕಿ ಇತ್ತು.

ಆಗ ಪರದೆಯ ಮೇಲೆ ಪರಮೇಶ್ವರಪ್ಪನವರು ಬಂದರು. ಬಿಳಿ ಪಂಚೆ, ಹೂವಿನ ಅಂಚು, ಹೆಸರು, ಊರು. ಕೋಣ ತಲೆಯೆತ್ತಿತು. ಪರಮೇಶ್ವರಪ್ಪನವರು ಓಡಿದರು. “ತಪ್ಪಾತು ತಾಯಿ, ತಪ್ಪಾತು!”

ಎದ್ದು ನಿಂತಿದ್ದ ಟಾಕೀಸು ದೊಪ್ಪನೆ ಕೂತಿತು. ಕತ್ತಲಲ್ಲಿ ಒಬ್ಬ ಮೆಲ್ಲಗೆ, “ಅಷ್ಟು ದೊಡ್ಡೋರನ್ನೇ ಅಟ್ಟಿಸ್ಕೊಂಡು ಹೋತಲ್ಲೋ. ನಮ್ದೇನು ಲೆಕ್ಕ?” ಎಂದ. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಹಾಲಿನ ಡೈರಿಯವನು ಕೈಯಲ್ಲಿದ್ದ ನೀರಿನ ಬಾಟಲಿ ನೋಡಿ ಬೆವರಿದ. ಚರಂಡಿ ಕಂಟ್ರಾಕ್ಟರ್ ಒಬ್ಬರು ಕಾಲು ಮೇಲೆತ್ತಿ ಸೀಟಿನ ಮೇಲೆ ಕೂತರು. ಸೊಸೆಯೊಬ್ಬಳು ಅತ್ತೆಯ ಕೈ ಹಿಡಿದಳು, ಅತ್ತೆ ಅದಕ್ಕಿಂತ ಗಟ್ಟಿಯಾಗಿ ಸೊಸೆಯ ಕೈ ಹಿಡಿದಳು. ಪರದೆಯ ಕೋಣ ಕ್ಯಾಮೆರಾ ಕಡೆಗೆ ತಿರುಗಿದಾಗ ಮುನ್ನೂರು ಜನ ಒಟ್ಟಿಗೆ “ಅಮ್ಮಾ!” ಎಂದು ಕಿರುಚಿದರು. ಬಾಗಿಲ ಬಳಿ ಹಾಲಸ್ವಾಮಿಯ ಕಣ್ಣಲ್ಲಿ ನೀರು ಬಂತು. ಜನ ಹೆದರಿದ್ದರು. ನಿಜವಾಗಿ ಹೆದರಿದ್ದರು.

ದೀಪ ಹತ್ತಿತು. ಉಜ್ಜನಪ್ಪನವರು ನಿಧಾನವಾಗಿ ಪಕ್ಕಕ್ಕೆ ತಿರುಗಿದರು.

“ಏನ್ರಿ ಪರಮೇಶ್ವರಪ್ಪಾರೆ, ತಪ್ಪಾತು ಅಂದ್ರಲ್ಲ, ಏನು ತಪ್ಪಾಗಿತ್ರಿ?”

ಮುನ್ನೂರು ಜನ ತಿರುಗಿ ನೋಡಿದರು. ಪರಮೇಶ್ವರಪ್ಪನವರು ಮೇಲೆ ನೋಡಿದರು. ಟಾಕೀಸಿನ ಫ್ಯಾನು ಕೆಟ್ಟು ಯಾವ ಕಾಲವಾಗಿತ್ತೋ, ಅಲ್ಲಿ ನೋಡಲು ಏನೂ ಇರಲಿಲ್ಲ. ಅವರು ಎದ್ದು ನಿಂತರು.

“ಅದು ಆಕ್ಟಿಂಗ್ ಕಣ್ರಿ!” ಎಂದು ಗುಡುಗಿದರು. “ನಾನು ಸುಮ್ನೆ ಓಡ್ತೀನಾ? ಡೈರೆಕ್ಟ್ರು ಓಡ್ರಿ ಅಂದ್ರು, ಓಡಿದೆ. ತಪ್ಪಾತು ಅನ್ರಿ ಅಂದ್ರು, ಅಂದೆ. ಅಗಾ, ಅಲ್ಲಿ ನಿಂತಿದಾರಲ್ಲ, ನಮ್ಮ ಡೈರೆಕ್ಟ್ರು ಹಾಲಸ್ವಾಮೇರು! ನಮ್ಮ ತಂಗಿ ಗಂಡ! ಏನು ಡೈರೆಕ್ಟ್ರು ಅಂತೀರಿ! ಬ್ಯಾಡ ಅಂದ್ರೂ ನನ್ನ ಕೈಯಾಗೆ ಆಕ್ಟಿಂಗ್ ಮಾಡಿಸಿಬಿಟ್ರು. ಹೌದಲ್ರಿ ಡೈರೆಕ್ಟ್ರೇ?”

ಆ ಕಣ್ಣುಗಳಲ್ಲಿ ಅಂಥ ಬೇಡಿಕೆಯನ್ನು ಹಾಲಸ್ವಾಮಿ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಅವನು ಟೋಪಿ ಸರಿಮಾಡಿಕೊಂಡ.

“ಹೌದ್ರಿ” ಎಂದ. “ಒಂದೇ ಟೇಕ್‌ನಾಗೆ ಓಕೆ ಮಾಡಿದ್ರು ನಮ್ಮ ಭಾವಾರು.”

ಟಾಕೀಸು ಚಪ್ಪಾಳೆಯಲ್ಲಿ ಮುಳುಗಿತು. ಉಜ್ಜನಪ್ಪನವರು ಕಲಾವಿದರ ಕೈ ಕುಲುಕಿದರು. ಅಂದಿನಿಂದ ಹಾಲಸ್ವಾಮಿಯನ್ನು ಡೈರೆಕ್ಟರ್ ಎಂದು ಕರೆಯದವರ ಮೇಲೆ ಮೊದಲು ಜಗಳಕ್ಕೆ ಹೋಗುತ್ತಿದ್ದವರು ಪರಮೇಶ್ವರಪ್ಪನವರೇ. ಅವನು ಡೈರೆಕ್ಟರ್ ಅಲ್ಲವೆಂದಾದರೆ ಇವರು ಕಲಾವಿದರಲ್ಲ. ಇವರು ಕಲಾವಿದರಲ್ಲವೆಂದಾದರೆ ಓಡಿದವನು ಪಾಪಿ ಎಂಬ ಕೆಂಚವ್ವನ ಮಾತೇ ನಿಜವಾಗಿ ನಿಲ್ಲುತ್ತದೆ.

ಪ್ರಶಾಂತನ ಲಗ್ನಪತ್ರಿಕೆ ಬಂತು. ಮುಂಭಾಗದಲ್ಲಿ, ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ: ‘ಶ್ರೀ ಹಾಲಸ್ವಾಮಿ, ಚಲನಚಿತ್ರ ನಿರ್ದೇಶಕರು.’ ಅದರ ಪಕ್ಕದಲ್ಲೇ, ‘ಶ್ರೀ ಪರಮೇಶ್ವರಪ್ಪ, ವರ್ತಕರು ಹಾಗೂ ಚಲನಚಿತ್ರ ಕಲಾವಿದರು.’ ಅನ್ನಪೂರ್ಣಮ್ಮ ಒಂದು ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ, ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದಳು.

ಮದುವೆ ಹರಿಹರದಲ್ಲಿ. ಅಕ್ಷತೆ ಮುಗಿಯಿತು. ಅಂದು ಕೃತಿಕಾಳ ಮದುವೆಯಲ್ಲಿ ಎಬ್ಬಿಸಿದ್ದ ಅದೇ ಹಿರಿಯರು ಬಂದು, “ಡೈರೆಕ್ಟ್ರು ಸಾಹೇಬ್ರು ಬರ್ರಿ, ಕೂಡ್ರಿ” ಎಂದು ಹಾಲಸ್ವಾಮಿಯನ್ನು ಮೊದಲನೇ ಪಂಕ್ತಿಯ ಮೊದಲನೇ ಎಲೆಗೆ ಕೂರಿಸಿದರು. ಒಂದು ಹೋಳಿಗೆ ಬಿತ್ತು. ಅದನ್ನು ಅವನು ಎರಡು ವರ್ಷದ ಸೇಡಿನಂತೆ ನಿಧಾನವಾಗಿ ತಿಂದ. ಪರಮೇಶ್ವರಪ್ಪನವರು ಸ್ವತಃ ಬಾಳೆಹಣ್ಣಿನ ಬುಟ್ಟಿ ಹಿಡಿದು ಎಲೆಯೆಲೆಗೂ ಇಡುತ್ತ ಬರುತ್ತಿದ್ದರು.

ಅಷ್ಟರಲ್ಲಿ ಬಾಗಿಲ ಬೆಳಕು ಮಂಕಾಯಿತು. ಹೊಸ ಬೀಗರಾದ ಉಜ್ಜನಪ್ಪನವರು ಪಿಚ್ಚರಿನ ಕೋಣದ ಆಶೀರ್ವಾದ ಮದುಮಕ್ಕಳಿಗೆ ಸಿಗಲೇಬೇಕೆಂದು ಹಟ ಹಿಡಿದು, ಯಾರಿಗೂ ಹೇಳದೆ ಕುಕ್ಕುವಾಡಕ್ಕೆ ಲಾರಿ ಕಳಿಸಿದ್ದರು. ಗುತ್ತೆಪ್ಪ ಹೊಸ ಟವೆಲ್ ಹಾಕಿಕೊಂಡು ನಗುತ್ತ ನಿಂತಿದ್ದ. ಕೋಣ ಕೊರಳಲ್ಲಿ ಹಾರ ಹಾಕಿಕೊಂಡು, ಊಟದ ಮನೆಯೊಳಗೆ ತಲೆ ಹಾಕಿ, ಮೂಗರಳಿಸಿತು.

ಮುನ್ನೂರು ಬೀಗರು ಚಪ್ಪಲಿ ಬಿಡಲು ಹೋಗಿ, ಹಾಕಿಕೊಂಡಿಲ್ಲವೆಂದು ನೆನಪಾಗಿ ಕೈಮುಗಿದರು. ಪರಮೇಶ್ವರಪ್ಪನವರು ಬುಟ್ಟಿಯನ್ನು ಎದೆಗೆ ಅವಚಿಕೊಂಡರು. ಓಡಿದರೆ ಪಾಪಿ. ನಿಂತರೆ ಕೋಣ. ಬುಟ್ಟಿ ಕೆಳಗಿಡುವ ಯೋಚನೆ ಅವರಿಗೆ ಈಗಲೂ ಬರಲಿಲ್ಲ. ಅವರು ಹಾಲಸ್ವಾಮಿಯ ಕಿವಿಯ ಹತ್ತಿರ ಬಗ್ಗಿದರು.

“ಡೈರೆಕ್ಟ್ರೇ, ಆಕ್ಷನ್ ಅನ್ರಿ. ಬೇಗ, ನಿಮ್ಮ ಕಾಲಿಗೆ ಬೀಳ್ತೀನಿ, ಆಕ್ಷನ್ ಅನ್ರಿ!”

ಹಾಲಸ್ವಾಮಿ ಮೊದಲನೇ ಪಂಕ್ತಿಯಿಂದ ಎದ್ದು ನಿಂತ. ಈ ಸಲ ಯಾರೂ ಎಬ್ಬಿಸಿರಲಿಲ್ಲ. ಎಡಗೈ ಬಾಯಿಗಿಟ್ಟು ಕಲ್ಯಾಣ ಮಂಟಪ ಅದುರುವಂತೆ ಕೂಗಿದ: “ಎಲ್ರೂ ಸೈಲೆನ್ಸ್! ಭಾಗ ಎರಡು! ಆಕ್ಷನ್!”

ಪರಮೇಶ್ವರಪ್ಪನವರು ಪಕ್ಕದ ಬಾಗಿಲಿನಿಂದ ಹಾರಿದರು. ಹಿಂದೆ ಕೋಣ, ಅದರ ಹಿಂದೆ ಗುತ್ತೆಪ್ಪ. ಬೀಗರೆಲ್ಲ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದರು. “ಏನು ಆಕ್ಟಿಂಗ್ ರೀ! ಈ ವಯಸ್ಸಿನಾಗೆ!” ಎಂದು ಉಜ್ಜನಪ್ಪನವರು ಹೆಮ್ಮೆಯಿಂದ ಎದೆಯುಬ್ಬಿಸಿದರು. ಮಂಟಪದ ಎರಡನೇ ಸುತ್ತಿಗೆ ಬಂದಾಗ ಕಿಟಕಿಯಾಚೆಯಿಂದ ಪರಮೇಶ್ವರಪ್ಪನವರ ದನಿ ಕೇಳಿತು: “ಡೈರೆಕ್ಟ್ರೇ, ಕಟ್ ಅನ್ರೋ!”

ಹಾಲಸ್ವಾಮಿ ಕೂತು ಎಲೆಯ ಕಡೆ ನೋಡಿದ. ಎರಡನೇ ಹೋಳಿಗೆ ಆಗಷ್ಟೇ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ.

“ಇರ್ರಿ ಭಾವಾರೆ, ಇನ್ನೊಂದು ಟೇಕ್ ಐತೆ” ಎಂದು ಕೂಗಿ ಹೇಳಿ, ಅವನು ತುಪ್ಪದವನನ್ನು ಕರೆದ.